ಗಾಯ ಆರಿತು, ಮುಂದೇನು? ಸುಟ್ಟ ಕಲೆಯ ಶಸ್ತ್ರಚಿಕಿತ್ಸೆ ಬಗ್ಗೆ ತಿಳಿದಿರಬೇಕಾದ್ದು

2022ರ ಫೆಬ್ರುವರಿ ಕೊನೆಯ ವಾರ. ಶಹಾಪುರ ತಾಲ್ಲೂಕಿನ ದೋರನಹಳ್ಳಿಯ ಒಂದು ಮನೆಯಲ್ಲಿ ಸೀಮಂತದ ಕಾರ್ಯ. ನೆಂಟರಿಷ್ಟರು ಸೇರಿದ್ದ ಹೊತ್ತಿನಲ್ಲಿ ಅಡುಗೆ ಗ್ಯಾಸ್ ಸಿಲಿಂಡರ್ ಸ್ಫೋಟಿಸಿತು. 20ಕ್ಕೂ ಹೆಚ್ಚು ಜನ ಸುಟ್ಟಗಾಯಕ್ಕೆ ಸಿಕ್ಕರು. ಅವರಲ್ಲಿ ಹತ್ತಕ್ಕಿಂತ ಹೆಚ್ಚು ಜನ ಮುಂದಿನ ದಿನಗಳಲ್ಲಿ ಒಬ್ಬೊಬ್ಬರಾಗಿ ತೀರಿಕೊಂಡರು. ನಮ್ಮಲ್ಲಿ ಯಾದಗಿರಿ, ಶಹಾಪುರ, ಸುರಪುರ ಕಡೆಯವರು ಹಲವರಿದ್ದೇವೆ. ಆ ವಾರ ಫೋನಿನಲ್ಲಿ ಮನೆಯವರ ಜೊತೆ ಬೇರೆ ಮಾತೇ ಇರಲಿಲ್ಲ.

ಇಂಥ ದುರಂತವಾದಾಗ ಪೇಪರಿನಲ್ಲಿ ಸಾವಿನ ಸಂಖ್ಯೆ ಬರುತ್ತದೆ, ಪರಿಹಾರದ ಮೊತ್ತ ಬರುತ್ತದೆ. ಆಮೇಲೆ ಸುದ್ದಿ ನಿಂತುಹೋಗುತ್ತದೆ. ಬೆಂಕಿಯಿಂದ ಬದುಕಿ ಬಂದವರ ಮುಂದಿನ ಎರಡು ವರ್ಷ ಹೇಗಿರುತ್ತದೆ ಅನ್ನೋದನ್ನ ಯಾರೂ ಬರೆಯಲ್ಲ. ದೋರನಹಳ್ಳಿಯವರ ಸ್ವಂತ ಬದುಕಿನ ವಿಷಯಕ್ಕೆ ನಾವು ಕೈ ಹಾಕುವುದಿಲ್ಲ, ಅದು ಅವರದು. ಆದರೆ ನಮ್ಮ ಭಾಗದ ಯಾವ ಊರಿಗೆ ಹೋದರೂ ಒಲೆ, ಸೀಮೆಎಣ್ಣೆ, ಗ್ಯಾಸು, ಕುದಿಯುವ ನೀರಿನ ಹಂಡೆಯಿಂದ ಸುಟ್ಟುಕೊಂಡವರು ಒಬ್ಬರಾದರೂ ಕಾಣುತ್ತಾರೆ. ಗದ್ದ ಎದೆಗೆ ಅಂಟಿದವರು, ಮೊಣಕೈ ಚಾಚಲಾಗದವರು, ಬೆರಳು ಮಡಚಿಕೊಂಡೇ ಉಳಿದವರು. ಕೇಳಿದರೆ ಒಂದೇ ಉತ್ತರ: "ಗಾಯ ಆರ್ಯಾದ, ಇನ್ನೇನ್ ಮಾಡೋದದ ಬಿಡ್ರಿ."

ಮಾಡೋದು ಇದೆ. ಈ ಲೇಖನ ಅದರ ಬಗ್ಗೆಯೇ. ನಾವು ಡಾಕ್ಟರಲ್ಲ, ಎಂಜಿನಿಯರಿಂಗ್ ಓದುವವರು. ಹಾಗಾಗಿ ಇಲ್ಲಿರುವುದು ಚಿಕಿತ್ಸೆಯ ಸಲಹೆ ಅಲ್ಲ. ಡಾಕ್ಟರ ಮುಂದೆ ಕೂತಾಗ ಏನು ಕೇಳಬೇಕು, ಏನನ್ನು ನಿರೀಕ್ಷಿಸಬೇಕು ಅನ್ನುವ ತಿಳಿವಳಿಕೆ ಅಷ್ಟೇ.

ಕಲೆ ಯಾಕೆ ಬಿಗಿಯುತ್ತದೆ?

ಚರ್ಮದಲ್ಲಿ ಎರಡು ಪದರ. ಮೇಲಿನದು ತೆಳು, ಕೆಳಗಿನದು ದಪ್ಪ. ಸುಟ್ಟಗಾಯ ಮೇಲಿನ ಪದರಕ್ಕಷ್ಟೇ ತಾಗಿದ್ದರೆ ಸಾಮಾನ್ಯವಾಗಿ ಕಲೆಯಿಲ್ಲದೆ ವಾಸಿಯಾಗುತ್ತದೆ. ಕೆಳಗಿನ ಪದರ ಆಳವಾಗಿ ಸುಟ್ಟರೆ ದೇಹ ಹೊಸ ಚರ್ಮ ತಯಾರಿಸುವುದಿಲ್ಲ, ತೇಪೆ ಹಾಕುತ್ತದೆ. ಆ ತೇಪೆಯೇ ಕಲೆ. ಅದರ ಕಚ್ಚಾ ಸಾಮಗ್ರಿ ಕೊಲಾಜನ್ ಎಂಬ ಪ್ರೋಟೀನಿನ ನಾರು. ಸಹಜ ಚರ್ಮದಲ್ಲಿ ಈ ನಾರು ಬುಟ್ಟಿ ಹೆಣೆದ ಹಾಗೆ ಎಲ್ಲ ದಿಕ್ಕಿಗೂ ಇರುತ್ತದೆ, ಅದಕ್ಕೇ ಚರ್ಮ ಯಾವ ಕಡೆ ಎಳೆದರೂ ಹಿಗ್ಗುತ್ತದೆ. ಕಲೆಯಲ್ಲಿ ನಾರೆಲ್ಲ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಒತ್ತೊತ್ತಾಗಿ ಮಲಗಿರುತ್ತದೆ. ಹಗ್ಗದ ಹಾಗೆ.

ಇದರ ಜೊತೆ ಇನ್ನೊಂದು ಸಂಗತಿ. ಗಾಯವನ್ನು ಮುಚ್ಚಲು ಬರುವ ಕೆಲವು ಜೀವಕೋಶಗಳಿಗೆ ಸ್ನಾಯುವಿನಂತೆ ಎಳೆಯುವ ಗುಣವಿದೆ. ಅವು ಗಾಯದ ಅಂಚುಗಳನ್ನು ಒಳಕ್ಕೆ ಎಳೆಯುತ್ತವೆ. ಸಣ್ಣ ಗಾಯಕ್ಕೆ ಇದು ಉಪಕಾರ. ಕತ್ತು, ಕಂಕುಳು, ಮೊಣಕೈ, ಬೆರಳ ಸಂದು ಇಂಥ ಜಾಗದಲ್ಲಿ ದೊಡ್ಡ ಗಾಯವಾದರೆ ಅದೇ ಎಳೆತ ಕೀಲನ್ನೇ ಮಡಚಿ ಹಾಕುತ್ತದೆ. ಡಾಕ್ಟರು ಇದನ್ನು ಕಾಂಟ್ರಾಕ್ಚರ್ ಅನ್ನುತ್ತಾರೆ.

ನೋವಿದ್ದಾಗ ಮನುಷ್ಯ ಏನು ಮಾಡುತ್ತಾನೆ? ಕೈ ಮಡಚಿ ಎದೆಗೆ ಇಟ್ಟುಕೊಳ್ಳುತ್ತಾನೆ, ತಲೆ ಕೆಳಗೆ ಹಾಕುತ್ತಾನೆ, ದಿಂಬು ಇಟ್ಟು ಮಲಗುತ್ತಾನೆ. ಹಿತ ಅನ್ನಿಸುವ ಭಂಗಿ ಯಾವುದೋ, ಕೈಕಾಲು ಬಿಗಿದುಕೊಳ್ಳುವ ಭಂಗಿಯೂ ಅದೇ. ಅದಕ್ಕೆ ಸುಟ್ಟಗಾಯದ ವಾರ್ಡಿನಲ್ಲಿ ಕತ್ತು ಸುಟ್ಟವರಿಗೆ ದಿಂಬು ಕೊಡಲ್ಲ, ಕಂಕುಳು ಸುಟ್ಟವರ ಕೈಯನ್ನು ಪಕ್ಕಕ್ಕೆ ಚಾಚಿ ಇಡಿಸುತ್ತಾರೆ. ನೋಡುವವರಿಗೆ ಕಲ್ಲು ಮನಸ್ಸು ಅನ್ನಿಸಬಹುದು. "ಪಾಪ, ನೋವಾಗ್ತದ" ಅಂತ ಮನೆಯವರೇ ದಿಂಬು ತಂದುಕೊಡುವುದೂ ಉಂಟು. ಆ ಪ್ರೀತಿಯೇ ಆಮೇಲೆ ಆಪರೇಷನ್ನಿಗೆ ದಾರಿಯಾಗುತ್ತದೆ.

ಯಾವಾಗ ಮಾಡಿಸಬೇಕು?

ಹೊಸ ಕಲೆ ಕೆಂಪಾಗಿ, ಉಬ್ಬಿ, ಗಟ್ಟಿಯಾಗಿ, ವಿಪರೀತ ತುರಿಸುತ್ತಾ ಇರುತ್ತದೆ. ಮೊದಲ ಕೆಲವು ತಿಂಗಳು ಇದು ಹೆಚ್ಚುತ್ತಲೇ ಹೋಗುತ್ತದೆ. ಆಮೇಲೆ ನಿಧಾನವಾಗಿ ಬಣ್ಣ ಇಳಿದು, ಮೆತ್ತಗಾಗಿ, ಚಪ್ಪಟೆಯಾಗುತ್ತದೆ. ಕಲೆ ಹೀಗೆ ಪಕ್ವವಾಗಲು ಒಂದು ವರ್ಷ, ಕೆಲವರಿಗೆ ಒಂದೂವರೆ ವರ್ಷ ಬೇಕು. ನೋಟ ಸುಧಾರಿಸಲಿಕ್ಕಷ್ಟೇ ಮಾಡುವ ಆಪರೇಷನ್ನಾದರೆ ಡಾಕ್ಟರು ಸಾಮಾನ್ಯವಾಗಿ ಅಲ್ಲಿವರೆಗೆ ಕಾಯಿರಿ ಅನ್ನುತ್ತಾರೆ. ಬಿಸಿ ಇರುವ ಕಬ್ಬಿಣ ಬೇಗ ಬಾಗುತ್ತದೆ, ಆದರೆ ಬಿಸಿ ಇರುವ ಕಲೆಗೆ ಕತ್ತರಿ ಹಾಕಿದರೆ ಅದು ಮತ್ತೆ ಸಿಟ್ಟಿಗೆದ್ದು ಉಬ್ಬುವ ಸಂಭವ ಹೆಚ್ಚು.

ಕೆಲವು ಸಂದರ್ಭಗಳಲ್ಲಿ ಮಾತ್ರ ಕಾಯುವಂತಿಲ್ಲ. ಕಣ್ಣಿನ ರೆಪ್ಪೆ ಎಳೆದುಕೊಂಡು ಕಣ್ಣು ಮುಚ್ಚಲು ಬಾರದಿದ್ದರೆ ಕಣ್ಣಗುಡ್ಡೆ ಒಣಗಿ ದೃಷ್ಟಿಗೇ ಅಪಾಯ. ಕತ್ತು ಬಗ್ಗಿ ಉಣ್ಣಲು ಕಷ್ಟವಾದರೂ ಕಾಯಬಾರದು. ಮಕ್ಕಳ ಕೈಬೆರಳು ಮಡಚಿಕೊಂಡರೂ ಅಷ್ಟೇ, ಯಾಕಂದ್ರೆ ಮಗುವಿನ ಮೂಳೆ ಬೆಳೆಯುತ್ತದೆ, ಕಲೆ ಅದರ ಜೊತೆ ಬೆಳೆಯುವುದಿಲ್ಲ. ಹಾಗಾಗಿ ಚಿಕ್ಕಂದಿನಲ್ಲಿ ಸುಟ್ಟ ಮಕ್ಕಳಿಗೆ ಬೆಳೆಯುವ ವಯಸ್ಸಿನಲ್ಲಿ ಒಂದಕ್ಕಿಂತ ಹೆಚ್ಚು ಸಲ ಆಪರೇಷನ್ ಬೇಕಾಗಬಹುದು. ಅದು ಮೊದಲಿನ ಆಪರೇಷನ್ ಕೆಟ್ಟಿದೆ ಅಂತಲ್ಲ.

ಹತ್ತು ಹದಿನೈದು ವರ್ಷದ ಹಳೆ ಕಲೆಗೂ ಆಪರೇಷನ್ ಮಾಡಬಹುದು. ಆದರೆ ಅಷ್ಟು ವರ್ಷ ಮಡಚಿಕೊಂಡೇ ಇದ್ದ ಕೀಲಿನ ಒಳಗಿನ ಸ್ನಾಯು, ನರ, ರಕ್ತನಾಳಗಳೂ ಮೋಟಾಗಿರುತ್ತವೆ. ಚರ್ಮ ಬಿಡಿಸಿದ ಮಾತ್ರಕ್ಕೆ ಪೂರ್ತಿ ನೇರವಾಗುವುದಿಲ್ಲ. ತಡವಾದಷ್ಟೂ ಸಿಗುವ ಫಲ ಕಡಿಮೆ.

ಹಳೆ ಕಲೆಯ ಬಗ್ಗೆ ಒಂದು ಎಚ್ಚರಿಕೆ. ವರ್ಷಗಟ್ಟಲೆ ಹಳೆಯದಾದ ಸುಟ್ಟ ಕಲೆಯ ಮೇಲೆ ಹೊಸದಾಗಿ ಹುಣ್ಣಾಗಿ, ವಾರಗಟ್ಟಲೆ ಆರದಿದ್ದರೆ ಮನೆಮದ್ದಿನಲ್ಲಿ ಕಾಲ ಕಳೆಯಬೇಡಿ. ಅಪರೂಪಕ್ಕೆ ಅದು ಚರ್ಮದ ಕ್ಯಾನ್ಸರ್ ಆಗಿರುತ್ತದೆ. ತೋರಿಸಲೇಬೇಕು.

ಆಪರೇಷನ್ನಿನಲ್ಲಿ ಏನು ಮಾಡುತ್ತಾರೆ?

ಮೊದಲಿಗೆ ಒಂದು ತಪ್ಪು ಕಲ್ಪನೆ ಬಿಡೋಣ. ಪ್ಲಾಸ್ಟಿಕ್ ಸರ್ಜರಿ ಕಲೆಯನ್ನು ಅಳಿಸುವುದಿಲ್ಲ. ಕತ್ತರಿಸಿದ ಕಡೆಯಲ್ಲೆಲ್ಲ ದೇಹ ಮತ್ತೆ ಕಲೆಯನ್ನೇ ಮಾಡುತ್ತದೆ. ಸರ್ಜನ್ ಮಾಡುವುದು ಕೆಟ್ಟ ಕಲೆಯ ಬದಲು ಒಳ್ಳೆ ಕಲೆ ಕೊಡುವ ಕೆಲಸ. ಅಗಲ ಇದ್ದದ್ದನ್ನು ಸಪೂರ ಮಾಡುತ್ತಾರೆ, ಬಿಗಿದದ್ದನ್ನು ಸಡಿಲ ಮಾಡುತ್ತಾರೆ, ಎದ್ದು ಕಾಣುವುದನ್ನು ಚರ್ಮದ ಸಹಜ ಗೆರೆಯೊಳಗೆ ಮಲಗಿಸುತ್ತಾರೆ.

ಈ ಸಹಜ ಗೆರೆ ಅಂದ್ರೆ ಏನು? ಕಾರ್ಲ್ ಲ್ಯಾಂಗರ್ ಎಂಬ ಅಂಗರಚನಾ ತಜ್ಞ ಶವಗಳ ಚರ್ಮಕ್ಕೆ ದುಂಡನೆಯ ಮೊಳೆಯಿಂದ ಚುಚ್ಚಿ ನೋಡಿದ. ತೂತು ದುಂಡಗೆ ಬೀಳಬೇಕಿತ್ತು, ಆದರೆ ಉದ್ದುದ್ದ ಸೀಳಿನಂತೆ ಬಿತ್ತು. ಚರ್ಮ ಮೊದಲೇ ಒಂದು ದಿಕ್ಕಿಗೆ ಬಿಗಿದಿರುತ್ತದೆ ಎಂಬುದಕ್ಕೆ ಅದು ಸಾಕ್ಷಿ. 1861ರಲ್ಲಿ ಅವನು ಇಡೀ ದೇಹಕ್ಕೆ ಇಂಥ ಗೆರೆಗಳ ನಕ್ಷೆ ಪ್ರಕಟಿಸಿದ. ಸ್ಟ್ರೆಂಥ್ ಆಫ್ ಮೆಟೀರಿಯಲ್ಸ್ ಓದಿದವರಿಗೆ ಇದು ಹೊಸದಲ್ಲ, ಮೊದಲೇ ಒತ್ತಡದಲ್ಲಿರುವ ಹಾಳೆಯ ಲೆಕ್ಕವೇ ಇದು. ಎಳೆತದ ಗೆರೆಯ ಉದ್ದಕ್ಕೆ ಕೊಯ್ದರೆ ಗಾಯದ ಬಾಯಿ ತೆರೆಯುವುದಿಲ್ಲ, ಕಲೆ ಸಪೂರ. ಅಡ್ಡ ಕೊಯ್ದರೆ ಬಾಯಿ ಬಿಡುತ್ತದೆ, ಕಲೆ ಅಗಲ.

ಕಲೆಯ ಗಾತ್ರ ನೋಡಿ ಸರ್ಜನ್ ಮೂರು ದಾರಿಗಳಲ್ಲಿ ಒಂದನ್ನೋ, ಎರಡು ಸೇರಿಸಿಯೋ ಆರಿಸುತ್ತಾರೆ.

ಒಂದು, ಕೊಯ್ದು ಹೊಲಿಯುವುದು. ಸಣ್ಣ ಕಲೆಗೆ ಇದು ಸಾಕು. ಕಲೆಯನ್ನು ಎಲೆಯ ಆಕಾರದಲ್ಲಿ ಕತ್ತರಿಸಿ ತೆಗೆದು, ಒಳಗೊಂದು ಪದರ ಹೊರಗೊಂದು ಪದರ ಹೊಲಿಗೆ ಹಾಕುತ್ತಾರೆ. ಆ ಜಾಗಕ್ಕಷ್ಟೇ ಅರಿವಳಿಕೆ, ಸಾಮಾನ್ಯವಾಗಿ ಅದೇ ದಿನ ಮನೆಗೆ.

ಎರಡು, ಝಡ್ ಪ್ಲಾಸ್ಟಿ. ಹಗ್ಗದಂತೆ ಎದ್ದು ನಿಂತ ಬಿಗಿತಕ್ಕೆ, ಅಕ್ಕಪಕ್ಕ ಒಳ್ಳೆ ಚರ್ಮ ಇದ್ದಾಗ ಇದು. ಕಾಗದ ಪೆನ್ನು ತಗೊಳ್ಳಿ. ಬಿಗಿದ ಕಲೆ ಒಂದು ನೇರ ಗೆರೆ ಅನ್ನಿ, ಉದ್ದ 1. ಅದರ ಎರಡೂ ತುದಿಯಿಂದ ಅಷ್ಟೇ ಉದ್ದದ ಗೆರೆಗಳನ್ನು 60 ಡಿಗ್ರಿ ಕೋನದಲ್ಲಿ, ಒಂದು ಎಡಕ್ಕೆ ಒಂದು ಬಲಕ್ಕೆ ಎಳೆಯಿರಿ. ಇಂಗ್ಲಿಷಿನ ಝಡ್ ಅಕ್ಷರ ಬರುತ್ತದೆ. ಎರಡು ತ್ರಿಕೋನಗಳಾದವು. ಈಗ ಆ ಎರಡು ತ್ರಿಕೋನಗಳ ಜಾಗ ಅದಲುಬದಲು ಮಾಡಿ ಹೊಲಿದರೆ, ಕಲೆಯ ದಿಕ್ಕಿನ ಉದ್ದ 1 ಇದ್ದದ್ದು ಮೂರರ ವರ್ಗಮೂಲ, ಅಂದ್ರೆ 1.73 ಆಗುತ್ತದೆ. ಲೆಕ್ಕದ ಪ್ರಕಾರ ಮುಕ್ಕಾಲು ಭಾಗ ಉದ್ದ ಹೆಚ್ಚಿತು! ವೈದ್ಯಕೀಯ ಪುಸ್ತಕಗಳೂ 60 ಡಿಗ್ರಿಗೆ ಶೇ 75, 45 ಡಿಗ್ರಿಗೆ ಶೇ 50, 30 ಡಿಗ್ರಿಗೆ ಶೇ 25 ಅಂತಲೇ ಬರೆಯುತ್ತವೆ. ನಿಜವಾದ ಚರ್ಮದಲ್ಲಿ ಇದಕ್ಕಿಂತ ಸ್ವಲ್ಪ ಕಡಿಮೆ ಸಿಗುತ್ತದೆ.

ಪುಗಸಟ್ಟೆ ಅಲ್ಲ ಇದು. ಉದ್ದದಲ್ಲಿ ಗಳಿಸಿದ್ದನ್ನು ಅಗಲದಲ್ಲಿ ಕೊಟ್ಟಿರುತ್ತೇವೆ. ಅದಕ್ಕೇ ಪಕ್ಕದಲ್ಲಿ ಸಡಿಲ ಚರ್ಮ ಇರಲೇಬೇಕು. ಹಾಗಾದರೆ 90 ಡಿಗ್ರಿ ಮಾಡಿದರೆ ಇನ್ನೂ ಹೆಚ್ಚು ಸಿಗಲ್ವಾ ಅಂತ ಕೇಳಬಹುದು. ಅಷ್ಟು ಅಗಲದ ತ್ರಿಕೋನವನ್ನು ತಿರುಗಿಸಿ ಕೂರಿಸುವುದು ಕಷ್ಟ, ಬುಡದಲ್ಲಿ ಮಡಿಕೆ ಬೀಳುತ್ತದೆ. ತೀರಾ ಚೂಪು ಮಾಡಿದರೆ ತುದಿಗೆ ರಕ್ತ ತಲುಪದೆ ಸಾಯುತ್ತದೆ. 60 ಅನ್ನೋದು ಎರಡರ ನಡುವಿನ ರಾಜಿ.

ಮೂರು, ಬಿಡಿಸಿ ಚರ್ಮ ಕಸಿ ಮಾಡುವುದು. ದೊಡ್ಡ ಬೆಂಕಿಯಲ್ಲಿ ಸುಟ್ಟವರಿಗೆ ಅಕ್ಕಪಕ್ಕದ ಚರ್ಮವೂ ಸುಟ್ಟಿರುತ್ತದೆ. ಆಗ ಬಿಗಿದ ಕಲೆಯನ್ನು ಅಡ್ಡಕ್ಕೆ ಕೊಯ್ದು ಕೀಲನ್ನು ಪೂರ್ತಿ ಚಾಚಿಸುತ್ತಾರೆ. ಅಲ್ಲೊಂದು ದೊಡ್ಡ ಹಸಿ ಗಾಯ ತೆರೆದುಕೊಳ್ಳುತ್ತದೆ. "ಇಷ್ಟು ಚರ್ಮ ಕಮ್ಮಿ ಇತ್ತಾ" ಅಂತ ನೋಡಿದವರಿಗೆ ಗಾಬರಿ ಆಗುವಷ್ಟು. ಆ ಜಾಗಕ್ಕೆ ತೊಡೆಯಿಂದ ತೆಳುವಾಗಿ ಹೆರೆದು ತೆಗೆದ ಚರ್ಮ ಕೂರಿಸುತ್ತಾರೆ. ರೆಪ್ಪೆ, ಅಂಗೈಯಂಥ ಸಣ್ಣ ಜಾಗಕ್ಕೆ ಪೂರ್ತಿ ದಪ್ಪದ ಚರ್ಮ ಹಾಕುವುದುಂಟು. ತೆಳು ಕಸಿ ಬೇಗ ಹಿಡಿಯುತ್ತದೆ, ಆದರೆ ಆಮೇಲೆ ಹೆಚ್ಚು ಕುಗ್ಗುತ್ತದೆ. ದಪ್ಪ ಕಸಿ ಹಿಡಿಯುವುದು ಕಷ್ಟ, ಕುಗ್ಗುವುದು ಕಡಿಮೆ.

ಕೆಲವರಿಗೆ ಪಕ್ಕದ ಚರ್ಮವನ್ನು ಅದರ ರಕ್ತನಾಳದ ಸಮೇತ ತಿರುಗಿಸಿ ಹೊಲಿಯುವ ಫ್ಲ್ಯಾಪ್ ಮಾಡುತ್ತಾರೆ. ಇದು ನಮ್ಮ ನೆಲದ ಹಳೆ ವಿದ್ಯೆ. ಟಿಪ್ಪು ಸುಲ್ತಾನನ ವಿರುದ್ಧದ ಯುದ್ಧದಲ್ಲಿ ಇಂಗ್ಲಿಷರ ಕಡೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಕವಾಸ್‌ಜಿ ಎಂಬಾತ ಸೆರೆಸಿಕ್ಕು ಮೂಗು ಕಳೆದುಕೊಂಡಿದ್ದ. ಪುಣೆಯ ಕಡೆಯ ವೈದ್ಯನೊಬ್ಬ ಹಣೆಯ ಚರ್ಮ ತಿರುಗಿಸಿ ಅವನಿಗೆ ಹೊಸ ಮೂಗು ಮಾಡಿದ. ಆ ಸುದ್ದಿ 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಝೀನಿನಲ್ಲಿ ಅಚ್ಚಾದ ಮೇಲೆಯೇ ಯುರೋಪಿನ ಸರ್ಜನ್ನರು ಇದನ್ನು ಕಲಿಯಲು ಹೊರಟದ್ದು.

ಕತ್ತು ಎದೆಗೆ ಅಂಟಿದವರ ವಿಷಯದಲ್ಲಿ ಅರಿವಳಿಕೆಯೇ ದೊಡ್ಡ ಸವಾಲು. ತಲೆ ಹಿಂದಕ್ಕೆ ಬಾಗದೆ ಶ್ವಾಸನಾಳಕ್ಕೆ ನಳಿಗೆ ಹಾಕುವುದು ಕಷ್ಟ. ಹಾಗಾಗಿ ಅನುಭವಿ ಅರಿವಳಿಕೆ ತಜ್ಞರು, ಬೇಕಾದ ಉಪಕರಣ ಇರುವ ದೊಡ್ಡ ಆಸ್ಪತ್ರೆಯಲ್ಲೇ ಇದನ್ನು ಮಾಡಿಸಬೇಕು. "ಇಲ್ಲಿ ಆಗಲ್ಲ, ಮುಂದಕ್ಕೆ ಹೋಗ್ರಿ" ಅಂತ ಡಾಕ್ಟರು ಅಂದರೆ ಬೇಸರ ಬೇಡ, ಅದು ಪ್ರಾಮಾಣಿಕ ಮಾತು.

ಹೋಗುವ ಮುಂಚೆ

ರಕ್ತಹೀನತೆ, ಸಕ್ಕರೆ ಕಾಯಿಲೆ ಇದ್ದರೆ ಮೊದಲು ಅದನ್ನು ಸರಿಪಡಿಸುತ್ತಾರೆ. ಬೀಡಿ, ಸಿಗರೇಟು, ಗುಟ್ಕಾ, ತಂಬಾಕು ವಾರಗಳ ಮುಂಚೆಯೇ ಬಿಡಬೇಕು. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಸಂಕುಚಿಸುತ್ತದೆ, ಕಸಿ ಬದುಕುವುದು ಆ ಸಣ್ಣ ನಾಳಗಳ ಮೇಲೆಯೇ. ಬೇರೆ ಯಾವ ಮಾತ್ರೆ ತಗೊಳ್ಳುತ್ತಿದ್ದರೂ, ನಾಟಿ ಔಷಧಿ ಆದರೂ, ಮುಚ್ಚಿಡದೆ ಹೇಳಬೇಕು. ಹಿಂದೆ ಗಾಯದ ಅಂಚು ದಾಟಿ ಹಬ್ಬುವ ಉಬ್ಬು, ಅಂದ್ರೆ ಕೀಲಾಯ್ಡ್, ಆಗಿದ್ದರೆ ಅದನ್ನೂ ಹೇಳಬೇಕು. ಕೀಲಾಯ್ಡನ್ನು ಬರೀ ಕೊಯ್ದು ತೆಗೆದರೆ ಬಹಳ ಜನರಿಗೆ ಮತ್ತೆ ಬರುತ್ತದೆ, ಜೊತೆಗೆ ಚುಚ್ಚುಮದ್ದೋ ಬೇರೆ ಚಿಕಿತ್ಸೆಯೋ ಬೇಕು.

ಡಾಕ್ಟರಿಗೆ ನಾಲ್ಕು ಪ್ರಶ್ನೆ ಕೇಳಿ: ಕೈ ಎಷ್ಟು ಡಿಗ್ರಿ ಚಾಚಬಹುದು? ಚರ್ಮ ಎಲ್ಲಿಂದ ತೆಗೆಯುತ್ತೀರಿ? ಎಷ್ಟು ತಿಂಗಳು ಪಟ್ಟಿ ಕಟ್ಟಿಕೊಳ್ಳಬೇಕು? ಇನ್ನೊಂದು ಆಪರೇಷನ್ ಬೇಕಾಗುತ್ತದಾ? ನಿಮಗೆ ಏನು ಬೇಕು ಅನ್ನೋದನ್ನೂ ಬಿಡಿಸಿ ಹೇಳಿ. "ರೊಟ್ಟಿ ಬಡಿಬೇಕು", "ತಲೆ ಬಾಚ್ಕೋಬೇಕು", "ಹತ್ತಿ ಬಿಡಿಸಬೇಕು", "ಪೆನ್ನು ಹಿಡಿಬೇಕು". ಸರ್ಜನ್ನಿಗೆ "ಚಂದ ಮಾಡ್ರಿ" ಅನ್ನುವುದಕ್ಕಿಂತ ಇದು ಹೆಚ್ಚು ಉಪಯೋಗ.

ಆಮೇಲಿನ ದಿನಗಳು

ಮೊದಲ ಐದು ದಿನ: ಕಸಿ ಮಾಡಿದ ಚರ್ಮಕ್ಕೆ ತನ್ನದೇ ರಕ್ತ ಸಂಚಾರ ಇರುವುದಿಲ್ಲ. ಮೊದಲ ಒಂದೆರಡು ದಿನ ಅದು ಕೆಳಗಿನ ಗಾಯದ ದ್ರವ ಹೀರಿಕೊಂಡು ಬದುಕುತ್ತದೆ. ಆಮೇಲೆ ಸೂಕ್ಷ್ಮ ರಕ್ತನಾಳಗಳು ಒಂದಕ್ಕೊಂದು ಕೂಡುತ್ತವೆ. ಈ ಹೊತ್ತಿನಲ್ಲಿ ಕಸಿ ಒಂದಿಷ್ಟು ಜಾರಿದರೂ ಕೆಲಸ ಕೆಟ್ಟಿತು. ಅದಕ್ಕೇ ದಪ್ಪ ಬ್ಯಾಂಡೇಜು, ಅಲುಗದ ಹಾಗೆ ಪಟ್ಟಿ. ಬ್ಯಾಂಡೇಜು ಬಿಚ್ಚಿ ನೋಡುವುದು ಸಾಮಾನ್ಯವಾಗಿ ಐದನೇ ದಿನದ ಸುಮಾರಿಗೆ. ವಿಚಿತ್ರ ಅಂದ್ರೆ ಹೊಸ ಚರ್ಮ ಕೂರಿಸಿದ ಕಡೆಗಿಂತ ತೊಡೆಯಲ್ಲಿ ಚರ್ಮ ತೆಗೆದ ಕಡೆಯೇ ಹೆಚ್ಚು ನೋವು. ಅದು ಎರಡು ವಾರದ ಒಳಗೆ ತಾನಾಗೇ ಆರುತ್ತದೆ, ಒಂದು ಮಾಸಲು ಗುರುತು ಉಳಿಯುತ್ತದೆ.

ಎರಡನೇ, ಮೂರನೇ ವಾರ: ಮುಖದ ಹೊಲಿಗೆ 5ರಿಂದ 7 ದಿನಕ್ಕೆ, ಕೈಕಾಲು ಮೈಯ ಹೊಲಿಗೆ 10ರಿಂದ 14 ದಿನಕ್ಕೆ ತೆಗೆಯುತ್ತಾರೆ. ಹೊಲಿಗೆ ತೆಗೆದರು ಅಂದ ತಕ್ಷಣ ಗಟ್ಟಿಯಾಯಿತು ಅಂದುಕೊಳ್ಳಬೇಡಿ. ಕೂಡಿದ ಗಾಯದ ಬಲ ಒಂದು ವಾರಕ್ಕೆ ಮೂಲ ಚರ್ಮದ ಶೇ 3ರಷ್ಟು, ಮೂರು ವಾರಕ್ಕೆ ಶೇ 20ರಿಂದ 30, ಮೂರು ತಿಂಗಳಿಗೆ ಸುಮಾರು ಶೇ 80. ಅಲ್ಲಿಂದ ಮುಂದೆ ಎಷ್ಟು ವರ್ಷವಾದರೂ ನೂರು ಮುಟ್ಟಲ್ಲ. ಕಾಂಕ್ರೀಟಿಗೆ 28 ದಿನ ಕಾಯುವ ನಮಗೆ ಇದು ಅರ್ಥವಾಗಬೇಕು. ಕೊಡ ಹೊರುವುದು, ಚೀಲ ಎತ್ತುವುದು ಡಾಕ್ಟರು ಹೇಳುವವರೆಗೆ ಬೇಡ.

ಜ್ವರ, ಹೆಚ್ಚುತ್ತಾ ಹೋಗುವ ನೋವು, ಕೀವು, ಕೆಟ್ಟ ವಾಸನೆ, ಕಸಿ ಕಪ್ಪಾಗುವುದು, ನಿಲ್ಲದ ರಕ್ತ ಇವುಗಳಲ್ಲಿ ಯಾವುದು ಕಂಡರೂ ತಾರೀಖಿಗೆ ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಕಸಿಯ ಸ್ವಲ್ಪ ಭಾಗ ಹಿಡಿಯದೆ ಹೋಗುವುದು ಅಪರೂಪವಲ್ಲ. ಸಣ್ಣದಾದರೆ ಡ್ರೆಸ್ಸಿಂಗಿನಲ್ಲೇ ಆರುತ್ತದೆ.

ಮೂರನೇ ವಾರದಿಂದ ಒಂದು ವರ್ಷ: ನಿಜವಾದ ಚಿಕಿತ್ಸೆ ಇಲ್ಲಿಂದ ಶುರು, ನಮ್ಮ ಜನ ಕೈಬಿಡುವುದೂ ಇಲ್ಲೇ. ಕಸಿ ಮಾಡಿದ ಚರ್ಮ ತಿಂಗಳುಗಟ್ಟಲೆ ಕುಗ್ಗಲು ನೋಡುತ್ತಲೇ ಇರುತ್ತದೆ. ಅದನ್ನು ತಡೆಯಲು ಮೂರು ಆಯುಧ.

ಸ್ಪ್ಲಿಂಟು ಅನ್ನೋದು ಕೀಲನ್ನು ಚಾಚಿದಂತೆಯೇ ಹಿಡಿದಿಡುವ ಗಟ್ಟಿ ಪಟ್ಟಿ. ಕತ್ತಿಗಾದರೆ ಕಾಲರ್. ಮೊದಲು ಹೆಚ್ಚುಕಡಿಮೆ ದಿನವಿಡೀ, ಆಮೇಲೆ ರಾತ್ರಿ ಮಾತ್ರ, ಒಟ್ಟು ಮೂರರಿಂದ ಆರು ತಿಂಗಳು, ಕೆಲವರಿಗೆ ಇನ್ನೂ ಹೆಚ್ಚು. ಎರಡನೆಯದು ವ್ಯಾಯಾಮ. ಫಿಸಿಯೋಥೆರಪಿಯವರು ತೋರಿಸಿದ್ದನ್ನು ದಿನಕ್ಕೆ ನಾಲ್ಕೈದು ಸಲ ಮನೆಯಲ್ಲೇ ಮಾಡಬೇಕು. ಕಲೆ ಬಿಳುಪೇರುವಷ್ಟು ಚಾಚಿ ಸ್ವಲ್ಪ ಹೊತ್ತು ಹಿಡಿಯಬೇಕು, ಹರಿಯುವಷ್ಟು ಎಳೆಯಬಾರದು. ಮೂರನೆಯದು ಒತ್ತಡದ ಬಟ್ಟೆ, ಅಂದ್ರೆ ಪ್ರೆಷರ್ ಗಾರ್ಮೆಂಟ್. ಅಳತೆ ಕೊಟ್ಟು ಹೊಲಿಸಿದ ಬಿಗಿ ಬಟ್ಟೆ ಇದು, ದಿನಕ್ಕೆ 23 ಗಂಟೆ. ಸ್ನಾನಕ್ಕೆ, ಎಣ್ಣೆ ಹಚ್ಚಲಿಕ್ಕೆ ಮಾತ್ರ ಬಿಚ್ಚುವುದು. ಇದರ ಜೊತೆ ಉಬ್ಬಿದ ಕಲೆಗೆ ಸಿಲಿಕಾನ್ ಜೆಲ್ ಹಾಳೆ ಅಂಟಿಸುತ್ತಾರೆ, ದಿನಕ್ಕೆ 12 ಗಂಟೆಗೂ ಹೆಚ್ಚು ಹೊತ್ತು, ಕೆಲವು ತಿಂಗಳು.

ಹೇಳುವುದು ಸುಲಭ. ಏಪ್ರಿಲ್, ಮೇ ತಿಂಗಳಲ್ಲಿ ಯಾದಗಿರಿಯ ಬಿಸಿಲು 40 ಡಿಗ್ರಿ ದಾಟಿದಾಗ ಆ ಬಿಗಿ ಬಟ್ಟೆ ತೊಟ್ಟು ಕೂರುವುದು ಏನು ಅಂತ ನಮಗೂ ಗೊತ್ತು. ಅದರ ಮೇಲೆ ತೆಳು ಕಸಿಯ ಚರ್ಮದಲ್ಲಿ ಬೆವರು ಗ್ರಂಥಿ ಇರುವುದಿಲ್ಲ, ಆ ಜಾಗ ಬೆವರುವುದೇ ಇಲ್ಲ. ಹೆಚ್ಚು ಜಾಗ ಸುಟ್ಟವರಿಗೆ ಸೆಖೆ ತಡೆಯಲಾಗದು. ಅದಕ್ಕೆ ಒಂದಿಷ್ಟು ಉಪಾಯಗಳಿವೆ. ಎರಡು ಜೊತೆ ಬಟ್ಟೆ ಮಾಡಿಸಿ ಒಂದು ಒಗೆದು ಒಂದು ತೊಡುವುದು, ಆಪರೇಷನ್ ತುರ್ತಿಲ್ಲದಿದ್ದರೆ ಮಳೆಗಾಲದ ಕೊನೆಗೋ ಚಳಿಗಾಲಕ್ಕೋ ಇಟ್ಟುಕೊಳ್ಳಬಹುದಾ ಅಂತ ಡಾಕ್ಟರನ್ನು ಕೇಳುವುದು, ಬಿಸಿಲೇರುವ ಮುಂಚೆ ಹೊಲದ ಕೆಲಸ ಮುಗಿಸುವುದು, ನೀರು ಹೆಚ್ಚು ಕುಡಿಯುವುದು. ಕಸಿಗೆ ಎಣ್ಣೆ ಗ್ರಂಥಿಯೂ ಇಲ್ಲದ್ದರಿಂದ ಒಣಗಿ ಬಿರಿಯುತ್ತದೆ. ಪೂರ್ತಿ ಆರಿದ ಮೇಲೆ ದಿನಕ್ಕೆ ಎರಡು ಮೂರು ಸಲ ಕೊಬ್ಬರಿ ಎಣ್ಣೆಯೋ ಡಾಕ್ಟರು ಹೇಳಿದ ಕ್ರೀಮೋ ಹಚ್ಚಿ ಮೆಲ್ಲಗೆ ತಿಕ್ಕಬೇಕು. ತುರಿಕೆಗೂ ಇದು ಸಮಾಧಾನ, ಸಾಲದಿದ್ದರೆ ಮಾತ್ರೆ ಇದೆ. ಹೊಸ ಕಲೆ ಬಿಸಿಲಿಗೆ ಕಪ್ಪಾಗುತ್ತದೆ. ಸೆರಗು, ಟವೆಲ್ಲು, ಟೋಪಿ, ಏನಾದರೂ ಅಡ್ಡ ಇರಲಿ.

ಊಟದ ವಿಷಯದಲ್ಲಿ ನಮ್ಮ ಕಡೆ ಪಥ್ಯದ ಕಾಟ ಜಾಸ್ತಿ. ತತ್ತಿ ನಂಜು, ಬದನೆಕಾಯಿ ನಂಜು, ಶೇಂಗಾ ನಂಜು, ಬೇಳೆ ತಿಂದ್ರ ಕೀವು ಆಗ್ತದ. ಗಾಯ ಕಟ್ಟಲು ಬೇಕಾದ ಕೊಲಾಜನ್ ಪ್ರೋಟೀನೇ. ತತ್ತಿ, ತೊಗರಿಬೇಳೆ, ಶೇಂಗಾ, ಹಾಲು, ಮಾಂಸ ತಿನ್ನುವವರಿಗೆ ಮಾಂಸ, ಜೊತೆಗೆ ನಿಂಬೆಹಣ್ಣು ಸೊಪ್ಪು. ಬರೀ ಗಂಜಿ ಕುಡಿಸಿ ಮಲಗಿಸಿದರೆ ಮನೆ ಕಟ್ಟಲು ಇಟ್ಟಿಗೆಯನ್ನೇ ಕೊಡದೆ ಮೇಸ್ತ್ರಿಯನ್ನು ಬೈದ ಹಾಗೆ.

ಕೊನೆಗೆ ಹೇಗೆ ಕಾಣುತ್ತದೆ?

ಬಣ್ಣ ಹೊಂದುವುದಿಲ್ಲ. ನಮ್ಮ ಮೈಬಣ್ಣದವರಲ್ಲಿ ಕಸಿಯ ಜಾಗ ಸುತ್ತಲಿನದಕ್ಕಿಂತ ಕಪ್ಪಾಗುವುದೇ ಹೆಚ್ಚು. ತೆಳು ಕಸಿಯಲ್ಲಿ ಕೂದಲು ಬರುವುದಿಲ್ಲ. ಸ್ಪರ್ಶ ಸ್ವಲ್ಪ ಸ್ವಲ್ಪವೇ ಮರಳುತ್ತದೆ, ಪೂರ್ತಿ ಅಲ್ಲ. ಅದಕ್ಕೇ ಬಿಸಿ ಪಾತ್ರೆ ಮುಟ್ಟುವಾಗ ಎಚ್ಚರ. ಮೂರನೇ ತಿಂಗಳ ಸುಮಾರಿಗೆ ಕಲೆ ಕೆಂಪಾಗಿ ಉಬ್ಬಿ "ಮೊದಲೇ ಚೆನ್ನಾಗಿತ್ತು" ಅನ್ನಿಸಬಹುದು. ಅದು ದಾರಿಯ ನಡುವಿನ ಒಂದು ಊರು. ಒಂದು ವರ್ಷ ಆದ ಮೇಲೆ ಹೋಲಿಸಿ ನೋಡಿ.

ಸಿಗುವುದು ಏನು? ಕತ್ತೆತ್ತಿ ತಂಬಿಗೆಯಿಂದ ನೀರು ಕುಡಿಯುವುದು. ಯಾರ ಸಹಾಯವೂ ಇಲ್ಲದೆ ಅಂಗಿ ತೊಡುವುದು. ಕೈಯೆತ್ತಿ ತಲೆ ಬಾಚುವುದು. ಕಣ್ಣು ಮುಚ್ಚಿ ನಿದ್ದೆ ಮಾಡುವುದು. ಇದು ಚಿಕ್ಕದು ಅನ್ನಿಸಿದರೆ ಒಂದು ದಿನ ಗದ್ದವನ್ನು ಎದೆಗೆ ಒತ್ತಿಕೊಂಡು ರಸ್ತೆಯಲ್ಲಿ ನಡೆದು ನೋಡಿ.

ದುಡ್ಡು, ದಾರಿ

ಇದೆಲ್ಲ ದುಡ್ಡಿದ್ದವರಿಗೆ ಅಂತ ಬಿಡಬೇಡಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಯೋಜನೆಯ ದರದ ಶೇ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಆಯುಷ್ಮಾನ್ ಪಟ್ಟಿಯಲ್ಲಿ ಸುಟ್ಟ ನಂತರದ ಬಿಗಿತ ಬಿಡಿಸುವ ಶಸ್ತ್ರಚಿಕಿತ್ಸೆ ಇದೆ, ಸ್ಪ್ಲಿಂಟು, ಒತ್ತಡದ ಬಟ್ಟೆ, ಸಿಲಿಕಾನ್ ಹಾಳೆ, ಫಿಸಿಯೋಥೆರಪಿ ಅದೇ ಪ್ಯಾಕೇಜಿನ ಭಾಗ. ಇದನ್ನು ನೆನಪಿಟ್ಟು ಕೇಳಿ ಪಡೆಯಿರಿ. ಅಂಗ ಕೆಲಸ ಮಾಡುವಂತೆ ಮಾಡುವ ಚಿಕಿತ್ಸೆಗೆ ಇದು, ಬರೀ ನೋಟಕ್ಕಾಗಿ ಮಾಡಿಸುವುದಕ್ಕೆ ಅಲ್ಲ. ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಅಲ್ಲಿ ಆಗದಿದ್ದರೆ ಮುಂದಕ್ಕೆ ರೆಫರಲ್ ಪತ್ರ ಪಡೆಯಬೇಕು. ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಅಂತ ಒಬ್ಬರಿರುತ್ತಾರೆ, ಕಾಗದಪತ್ರದ ಕೆಲಸಕ್ಕೆ ಅವರನ್ನು ಹಿಡಿಯಿರಿ. ನಮ್ಮ ಭಾಗಕ್ಕೆ ಯಾದಗಿರಿ ಮತ್ತು ಕಲಬುರಗಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ, ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸುಟ್ಟಗಾಯಕ್ಕೇ ಮೀಸಲಾದ ಮಹಾಬೋಧಿ ವಿಭಾಗವಿದೆ. ಆಪರೇಷನ್ ದೂರದಲ್ಲಾದರೂ ವಾರವಾರದ ವ್ಯಾಯಾಮಕ್ಕೆ ಹತ್ತಿರದ ಜಿಲ್ಲಾ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗಕ್ಕೆ ಬರೆದುಕೊಡಿ ಅಂತ ಕೇಳಿ. ಬಸ್ಸು, ಕೂಲಿ ಎರಡೂ ಉಳಿಯುತ್ತದೆ.

ಇನ್ನು ಬೆಂಕಿ ತಗುಲಿದ ಆ ಕ್ಷಣದ ಮಾತು. ಸುಟ್ಟ ಜಾಗಕ್ಕೆ 20 ನಿಮಿಷ ತಣ್ಣನೆ ಹರಿಯುವ ನೀರು ಬಿಡಿ. ಮಂಜುಗಡ್ಡೆ, ಪೇಸ್ಟು, ಇಂಕು, ಅರಿಶಿನ ಬೇಡ. ಅಷ್ಟು ಮಾಡಿದರೆ ಗಾಯದ ಆಳ ಕಡಿಮೆಯಾಗುತ್ತದೆ, ಆಳ ಕಡಿಮೆಯಾದರೆ ಕಲೆ ಕಡಿಮೆ. ಅಡುಗೆ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ನೆಲಮಟ್ಟದಲ್ಲಿ ನೀರಿನಂತೆ ಹರಡಿ ನಿಲ್ಲುತ್ತದೆ. ಗಾಳಿಯಲ್ಲಿ ಶೇ 2ರಷ್ಟಿದ್ದರೂ ಹೊತ್ತಿಕೊಳ್ಳಲು ಸಾಕು. ವಾಸನೆ ಬಂದರೆ ಸ್ವಿಚ್ ಮುಟ್ಟದೆ ಬಾಗಿಲು ತೆರೆದು ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಕೊನೆಯ ಮಾತು ನಮಗೆ ನಾವೇ ಹೇಳಿಕೊಳ್ಳುವಂಥದ್ದು. ಸರ್ಜನ್ ಕೆಲಸ ಎರಡು ಮೂರು ಗಂಟೆ. ಉಳಿದ ಒಂದು ವರ್ಷದ ಕೆಲಸ ಮನೆಯವರದು, ಗೆಳೆಯರದು. ರಾತ್ರಿ ಸ್ಪ್ಲಿಂಟು ಕಟ್ಟುವ ಕೈ ಬೇಕು, "ಇನ್ನೊಂದ್ ಸಲ ಎತ್ತು" ಅಂತ ಜೊತೆಗೆ ಕೂತು ಎಣಿಸುವ ದನಿ ಬೇಕು. ಮುಖ ಸುಟ್ಟವರು ಕಾಲೇಜಿಗೆ, ಅಂಗಡಿಗೆ, ಮದುವೆಗೆ ಬಂದಾಗ ದಿಟ್ಟಿಸಿ ನೋಡದ, ನೋಡಿದರೂ ಕಣ್ಣಿಗೆ ಕಣ್ಣಿಟ್ಟು ಹೆಸರು ಹಿಡಿದು ಮಾತಾಡಿಸುವ ಜನ ಬೇಕು. "ಅಯ್ಯೋ ಪಾಪ, ಹೆಂಗಿದ್ದೋಳು ಹೆಂಗಾದ್ಳು" ಅನ್ನೋ ಒಂದು ಮಾತು ಹತ್ತು ದಿನದ ವ್ಯಾಯಾಮವನ್ನು ನಿಲ್ಲಿಸಿಬಿಡುತ್ತದೆ.

ಈ ಸಲ ಹಬ್ಬಕ್ಕೆ ಊರಿಗೆ ಹೋದಾಗ ನಿಮ್ಮ ಓಣಿಯಲ್ಲಿ ಕೈ ಮಡಚಿಕೊಂಡೇ ಇರುವ ಅಕ್ಕನೋ, ಕತ್ತು ವಾಲಿಸಿಕೊಂಡ ತಮ್ಮನೋ ಕಂಡರೆ ಪಕ್ಕದಲ್ಲಿ ಕೂತು ಇಷ್ಟು ಹೇಳಿ: ಗಾಯ ಆರ್ಯಾದ, ಖರೆ. ಆದ್ರ ಚಿಕಿತ್ಸೆ ಇನ್ನೂ ಮುಗಿದಿಲ್ಲ. ಕಾರ್ಡ್ ತಗೊಂಡ್ ಬಾ, ಆಸ್ಪತ್ರೆಗೆ ಜೊತೆಗೆ ಹೋಗೂಣ.